ನಡುವೆ ಸೋತ ಅಯಸ್ಕಾಂತ

ಹಿಟ್ಟಿನ ಗಿರಣಿಯ ಆಕೆಯನ್ನು ಬೀದಿಯವರೆಲ್ಲ ಗಿರಣಿಯಕ್ಕ ಅಂತಲೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಗಿರಣಿಗೆ ಆಕೆಯೇ ಯಜಮಾನಿ, ಆಕೆಯೇ ಕೆಲಸದಾಳು. "ಕೂದಲು ನೆರೆತಿದ್ದೋ ಹಿಟ್ಟು ಕೂತಿದ್ದೋ, ಯಾರಿಗೆ ಗೊತ್ತಾಗುತ್ತೆ!" ಎಂದು ನಗುತ್ತಿದ್ದಳು.

ಕಾಳು ಕಲ್ಲಿನೊಳಕ್ಕೆ ಜಾರುವ ದಾರಿಯಲ್ಲಿ ಒಂದು ಅಯಸ್ಕಾಂತವಿತ್ತು. ಕಾಳಿನ ಜೊತೆ ಬಂದ ಮೊಳೆ, ತಂತಿ ಚೂರು ಅದಕ್ಕೆ ಅಂಟಿಕೊಳ್ಳುತ್ತಿತ್ತು. ಅದು ಒಡೆದಾಗ ಗಿರಣಿಯಕ್ಕ ಹೊಸದು ತಂದಳು. ಹಳೆಯದು ಗಿಡ್ಡಗೆ, ದಪ್ಪಗಿತ್ತು. ಹೊಸದು ಅಂಗೈಯಗಲದ ಬಿಲ್ಲೆ, ಆದರೆ ಬಿಸ್ಕತ್ತಿಗಿಂತ ತೆಳು. ಅಗಲವಿದ್ದರೆ ದಾರಿಯನ್ನೆಲ್ಲ ಕಾಯುತ್ತದೆ ಎಂದುಕೊಂಡಳು.

ಪಕ್ಕದ ಮನೆಯ ಹೊಲಿಗೆಯವಳು ಆಕೆಗೆ ಒಡಹುಟ್ಟಿದವಳಿಗಿಂತ ಹೆಚ್ಚು. ಒಂದು ಮಧ್ಯಾಹ್ನ ಊಟ ಮಾಡುವಾಗ ಅವಳ ಗಂಟಲಿಗೆ ತಂತಿ ಚುಚ್ಚಿಕೊಂಡಿತು. ಆಸ್ಪತ್ರೆಯಲ್ಲಿ ತೆಗೆದರು. ಜೀವ ಉಳಿಯಿತು, ದನಿ ಒಡೆದುಹೋಯಿತು. ಅವಳ ಗಂಡ ಬಂದು ತಂತಿಯನ್ನು ಗಿರಣಿಯ ಕಟ್ಟೆಯ ಮೇಲಿಟ್ಟ. "ನಿಮ್ಮ ಹಿಟ್ಟಲ್ಲಿ ಇದ್ದಿದ್ದು, ಅಕ್ಕಾ" ಎಂದಷ್ಟೇ ಹೇಳಿ ಹೊರಟುಹೋದ. ಬೈದಿದ್ದರೆ ವಾಸಿಯಿತ್ತು.

ಗಿರಣಿಯಕ್ಕ ಯಂತ್ರ ನಿಲ್ಲಿಸಿ, ಅದೇ ತಂತಿಯನ್ನು ಅಯಸ್ಕಾಂತಕ್ಕೆ ಹಿಡಿದಳು. ಅಂಚಿನಲ್ಲಿ ಚಕ್ಕನೆ ಹಿಡಿದುಕೊಂಡಿತು. ನಡುವೆ ಇಟ್ಟು ಅಲ್ಲಾಡಿಸಿದರೆ ಜಾರಿಬಿತ್ತು. ಬಿಲ್ಲೆಯನ್ನು ಬಿಚ್ಚಿಕೊಂಡು, ಅದನ್ನು ಕೊಂಡಿದ್ದ ಅಂಗಡಿಗೆ ಹೋದಳು.

ಅಂಗಡಿಯ ಮುದುಕ ಅಯಸ್ಕಾಂತದ ಬಲ ಅಳೆಯುವ ಮೀಟರನ್ನು ಬಿಲ್ಲೆಯ ನಡುವೆ ಇಟ್ಟ. ಮುಳ್ಳು ಸ್ವಲ್ಪವೇ ಏರಿತು. ಅದೇ ಮಾಲಿನ ಸಣ್ಣ, ದಪ್ಪ ಬಿಲ್ಲೆಗೆ ಸರ್ರನೆ ಮೇಲೆ ಹೋಯಿತು.

"ಮುಂದಿನ ಮುಖ, ಹಿಂದಿನ ಮುಖ ಎರಡೂ ಎದುರಾಳಿಗಳಮ್ಮ. ತೆಳ್ಳಗಿದ್ದರೆ ಹತ್ತಿರ ಇರ್ತವೆ, ಒಂದರ ಬಲ ಇನ್ನೊಂದು ತಿಂದುಹಾಕುತ್ತೆ. ಅಗಲ ಹೆಚ್ಚಾದಷ್ಟೂ ನಡು ಸೋಲುತ್ತೆ."

"ಹಾಗಾದ್ರೆ ದಪ್ಪ ಮಾಡ್ತಾ ಹೋದ್ರೆ?"

ಅವನು ತೆಳು ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದ. ಮೊದಮೊದಲು ಮುಳ್ಳು ಜಿಗಿಯಿತು, ಆಮೇಲಾಮೇಲೆ ಅಲ್ಲಾಡಿದ್ದೇ ಕಡಿಮೆ. "ದಪ್ಪಕ್ಕೂ ಒಂದು ಮಿತಿ ಇದೆ."

"ಕೊಡುವಾಗಲೇ ಇದನ್ನ ಹೇಳಬಾರದಿತ್ತಾ?"

"ನೀವು ಅಗಲದ್ದು ಕೇಳಿದ್ರಿ. ಯಾತಕ್ಕೆ ಅಂತ ನಾನು ಕೇಳಲಿಲ್ಲ" ಎಂದು ಮುದುಕ ತಲೆ ತಗ್ಗಿಸಿದ.

ಕಾಳಿನ ದಾರಿಯಲ್ಲಿ ದಪ್ಪ ಬಿಲ್ಲೆಗಳ ಸಾಲನ್ನು ಕೂರಿಸಿ, ಗಿರಣಿಯಕ್ಕ ಹೊಲಿಗೆಯವಳ ಮನೆಗೆ ಹೋದಳು. ನಡೆದದ್ದನ್ನೆಲ್ಲ ಹೇಳಿದಳು. ಹೊಲಿಗೆಯವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ನೀನು ಬೇಕಂತ ಮಾಡಿಲ್ಲಕ್ಕ" ಎಂದಳು, ದನಿ ಗರಗರ ಎನ್ನುತ್ತಿತ್ತು. "ಆದ್ರೂ ತುತ್ತು ಎತ್ತಿದ್ರೆ ಆ ತಂತಿನೇ ನೆನಪಾಗುತ್ತೆ. ಇನ್ನು ನಿನ್ನ ಹಿಟ್ಟು ನನಗೆ ಬೇಡ."

"ನಾನೂ ಬೇಡ್ವಾ?"

ಹೊಲಿಗೆಯವಳು ತನ್ನ ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆಗಳನ್ನು ತೆಗೆದು ನೆಲಕ್ಕಿಟ್ಟಳು. ಗಿರಣಿಯಕ್ಕ ಕೂತಳು.