ಹಿತ್ತಲಲ್ಲಿ ನೀಲಿ ಬೆಡ್‌ಶೀಟ್

ಆಯುಷ್ಯವೆಲ್ಲ ಬಟ್ಟೆ ಹೊಲಿದ ಟೈಲರ್ ಮಾವ ಅಂಗಡಿ ಮುಚ್ಚಿದ ಮೇಲೆ ಮನೆಯ ಹಿಂದೆ ಪರ್ಮಾಕಲ್ಚರ್ ತೋಟ, ಅಂದರೆ ಪ್ರಕೃತಿಯ ರೀತಿಗೇ ಹೊಂದಿಕೊಂಡು ಬೆಳೆಯುವ ತೋಟ, ಮಾಡಲು ಹೊರಟರು. ನೆರಳು ಎಲ್ಲಿ ಬೀಳುತ್ತದೆ, ಮಳೆನೀರು ಎತ್ತ ಹರಿಯುತ್ತದೆ ಎಂದು ನೋಡಿಕೊಂಡೇ ನಕ್ಷೆ ಬರೆದರು. ನೀರು ತಾನಾಗಿ ಬಂದು ನಿಲ್ಲುವ ತಗ್ಗಿನಲ್ಲಿ ಕೊಳ ಎಂದು ಗುರುತು ಹಾಕಿದರು. ಅದು ಅಡುಗೆಮನೆ ಬಾಗಿಲಿನ ಎದುರಿಗೇ ಇತ್ತು.

“ಮಾವ, ಮಗು ಈಗಷ್ಟೇ ನಡೆಯೋಕೆ ಕಲ್ತಿದೆ. ಬಾಗಿಲು ದಾಟಿದ್ರೆ ನೀರಿಗೇ ಬೀಳತ್ತೆ,” ಎಂದಳು ಸೊಸೆ.

“ನಿನಗೆ ಹೆದರೋಕೆ ಒಂದು ನೆಪ ಬೇಕಮ್ಮ. ನೀರು ನಿಲ್ಲೋದೇ ಅಲ್ಲಿ.”

ಆದರೂ ಅಳತೆ ನೋಡದೆ ಕತ್ತರಿ ಹಾಕಿದವರಲ್ಲ ಅವರು. ಹಳೆಯ ನೀಲಿ ಬೆಡ್‌ಶೀಟನ್ನು ಕೊಳದ ಆಕಾರಕ್ಕೆ ಕತ್ತರಿಸಿ ತಗ್ಗಿನಲ್ಲಿ ಹಾಸಿ, ಮನೆಯವರ ಓಡಾಟ ನೋಡುತ್ತ ಕೂತರು.

“ನೆಲಕ್ಕೂ ಟ್ರಯಲ್ಲಾ?” ಎಂದು ಅತ್ತೆ ನಕ್ಕರು.

ಮರುದಿನ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಮಗು ತಪತಪ ಹೆಜ್ಜೆ ಹಾಕಿ, ನೇರವಾಗಿ ನೀಲಿಯ ನಡುವೆ ಹೋಗಿ ಕೂತಿತು. ಎತ್ತಿ ತಂದರೆ ಮತ್ತೆ ಅಲ್ಲಿಗೇ.

ಮಾವ ಬೆಡ್‌ಶೀಟ್ ಮಡಚಿದರು. ಮಳೆನೀರನ್ನು ಮೇಲುಗಡೆಯೇ ತಡೆದು ಬೇಲಿಯ ಮೂಲೆಗೆ ತಿರುಗಿಸಲು ಗುದ್ದಲಿ ಎತ್ತಿಕೊಂಡರು.

“ಕೊಳ ಆ ಮೂಲೆಗೆ ಹೋಗ್ಲಿ, ಸುತ್ತ ಬೇಲಿನೂ ಹಾಕ್ತೀನಿ. ಇಲ್ಲಿ ಸೊಪ್ಪು ಬೆಳೀಲಿ,” ಎಂದರು ಸೊಸೆಗೆ. “ತಪ್ಪಿದ್ದು ರವಿಕೆ ಆಗಿದ್ರೆ ಹೊಲಿಗೆ ಬಿಚ್ಚಿ ಮತ್ತೆ ಹೊಲೀಬಹುದಿತ್ತು.”

ಮಗು ಬೆಡ್‌ಶೀಟಿಗಾಗಿ ಅಳುತ್ತಿತ್ತು.