ಚಿಕ್ಕಮುನಿಯಮ್ಮ ಇಂಗ್ಲಿಷ್ ಮೇಷ್ಟ್ರನ್ನು ಪರೀಕ್ಷೆ ಮಾಡಿದ್ದು

ಯಾರನ್ನಾದರೂ ನಂಬಬೇಕಾದರೆ ಚಿಕ್ಕಮುನಿಯಮ್ಮ ಮೊದಲು ಅವರ ಒಲೆ ನೋಡಬೇಕಿತ್ತು. ಪೀಣ್ಯದ ಕಾರ್ಖಾನೆಗಳಿಗೆ ಹೊಲ ಹೋದ ಮೇಲೆ, ಉಳಿದ ತುಂಡು ಜಾಗದಲ್ಲಿ ಅವಳೂ ಗಂಡ ನರಸಪ್ಪನೂ ಸಾಲುಮನೆ ಕಟ್ಟಿಸಿ ಕೆಲಸಗಾರರಿಗೆ ಬಾಡಿಗೆಗೆ ಕೊಟ್ಟಿದ್ದರು. ಮನೆ ಕೇಳಿಕೊಂಡು ಬಂದವರು ಈಗ ಇರುವ ಮನೆಗೆ ಏನಾದರೊಂದು ನೆಪ ಹೇಳಿಕೊಂಡು ಹೋಗುವಳು. ಒಲೆ ಸಾರಿಸಿದ್ದರೆ ಒಳ್ಳೆಯ ಜನ; ಬೂದಿ ಹಾಗೇ ಬಿದ್ದಿದ್ದರೆ "ಮನೆ ಆಗ್ಲೇ ಬೇರೆಯೋರ್ಗೆ ಒಪ್ಕೊಂಡಿದೀವಿ" ಅಂದುಬಿಡುವಳು.

ದ್ವಾರಕಾನಾಥ ಮೇಷ್ಟ್ರ ವಿಷಯದಲ್ಲಿ ಈ ಪದ್ಧತಿ ನಡೆಯಲಿಲ್ಲ. ಒಂಟಿ ಗಂಡಸು, ಹೋಟೆಲಿನ ಊಟ. ನೋಡುವುದಕ್ಕೆ ಒಲೆಯೇ ಇರಲಿಲ್ಲ. ಆದರೂ ಸಾಲಿನ ಕೊನೆಯ ಕೋಣೆಯನ್ನು ಕೊಡಬೇಕಾಯಿತು. ಮಗಳು ಮುನಿರತ್ನ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದಿದ್ದಳು. "ಈ ಕಿತವೂ ಪೇಲಾದ್ರೆ ಸ್ಕೂಲು ಸಾಕು, ಗಂಡು ನೋಡಾನ" ಎಂದು ನರಸಪ್ಪ ಹೇಳಿಯಾಗಿತ್ತು. ನರಸಪ್ಪ ಮಾತು ಕಮ್ಮಿ, ಆಡಿದರೆ ತಿರುಗಿಸುವವನಲ್ಲ. ಹದಿಮೂರು ತುಂಬುವ ಮೊದಲೇ ತಾಳಿ ಕಟ್ಟಿಸಿಕೊಂಡಿದ್ದ ಚಿಕ್ಕಮುನಿಯಮ್ಮನಿಗೆ ಆ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತು.

ಮೇಷ್ಟ್ರು ಸಂಜೆ ಜಗಲಿಯ ಮೇಲೆ ಬೀದಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. "ನಮ್ಮ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂರುತ್ತೆ. 'ಅಪ್ಪ ನೆನ್ನೆ ಫ್ಯಾಕ್ಟರಿಗೆ ಹೋದರು' ಅನ್ನೋ ಹಾಗೆ. ಇಂಗ್ಲಿಷಿಗೆ ಅಷ್ಟು ತಾಳ್ಮೆ ಇಲ್ಲ. ಯಾರು ಅಂದ ತಕ್ಷಣ ಏನು ಮಾಡಿದರು ಅಂತ ಹೇಳಿಬಿಡಬೇಕು. ಎಲ್ಲಿ, ಯಾವಾಗ ಅನ್ನೋದು ಆಮೇಲೆ." ಪುಸ್ತಕದ ವಾಕ್ಯಗಳನ್ನು ಅವರು ಹೇಳಿಕೊಡುತ್ತಿರಲಿಲ್ಲ. ಒಂದೊಂದು ಮಗುವೂ ತನ್ನ ಮನೆಯಲ್ಲಿ ನಡೆದದ್ದೊಂದನ್ನು ಕನ್ನಡದಲ್ಲಿ ಹೇಳಬೇಕು. ಅದನ್ನು ಮೇಷ್ಟ್ರು ಇಂಗ್ಲಿಷಿನಲ್ಲಿ ಕೂರಿಸಿಕೊಡುವರು. ಆಮೇಲೆ ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಹೇಳಬೇಕು: "ಮೈ ಫಾದರ್ ವೆಂಟ್ ಟು ದಿ ಫ್ಯಾಕ್ಟರಿ ಯೆಸ್ಟರ್‌ಡೇ."

ಅಷ್ಟರಲ್ಲಿ ಹತ್ತಿರದ ಮೋಟಾರು ಕಾರ್ಖಾನೆಯಲ್ಲಿ ಮುಷ್ಕರ ಶುರುವಾಯಿತು. ಯೂನಿಯನ್ನಿನವರು ಎಲ್ಲಿ ಸೇರುತ್ತಾರೆ, ಏನು ಮಾತಾಡುತ್ತಾರೆ ಎಂದು ತಿಳಿಯಲು ಕಂಪನಿ ಜನ ಬಿಟ್ಟಿದೆ ಎಂಬ ಮಾತು ಹಬ್ಬಿತು. ಸಾಲುಮನೆಯಲ್ಲಿದ್ದ ಶ್ಯಾಮಣ್ಣ ಯೂನಿಯನ್ನಿನಲ್ಲಿ ಮುಂದಾಳು. ಅವನ ಹೆಂಡತಿ ರಾಮಕ್ಕ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟು, "ಅಕ್ಕ, ಮೇಷ್ಟ್ರು ನಮ್ಮ ಹುಡ್ಗನ್ನ 'ನಿಮ್ಮಪ್ಪ ನೆನ್ನೆ ಎಲ್ಲಿಗೆ ಹೋಗಿದ್ರು' ಅಂತ ಕೇಳಿದ್ರಂತೆ" ಅಂದಳು.

"ನಮ್ಮ ರತ್ನುನ್ನೂ ಕೇಳವ್ನೆ. ಯಾರು, ಏನು, ಎಲ್ಲಿ, ಯಾವಾಗ. ಇದು ಪಾಠ ಅಲ್ಲ ಕಣಮ್ಮಿ, ಠಾಣೆ ಇಚಾರಣೆ."

"ರಜಾ ದಿನಾನೂ ಬೆಳಿಗ್ಗೆ ಸೈಕಲ್ ಹತ್ಕೊಂಡು ಹೋಗ್ತಾರೆ. ಎಲ್ಲಿಗೆ?"

"ಅದೇ ನಂಗೂ ತಿಳೀದು."

ಅನುಮಾನ ಹತ್ತಿದ ಮೇಲೆ ಚಿಕ್ಕಮುನಿಯಮ್ಮ ಸುಮ್ಮನೆ ಕೂರುವವಳಲ್ಲ. ಮಗಳನ್ನು ಕೊಟ್ಟಿಗೆಗೆ ಕರೆದು, "ಇವತ್ತು ಮೇಷ್ಟ್ರು ಕೇಳ್ದಾಗ, ಬಾನುವಾರ ಕೆಲ್ಸದೋರೆಲ್ಲ ಮಾವಿನ ತೋಪಲ್ಲಿ ಸೇರ್ತಾರೆ ಅನ್ನು" ಎಂದಳು.

"ಸುಳ್ಳಲ್ವೇನವ್ವ?"

"ಏಳಿದ್ದಷ್ಟು ಮಾಡು."

ಭಾನುವಾರ ಅವಳು ಹುಲ್ಲು ಕೊಯ್ಯುವ ನೆಪದಲ್ಲಿ ಕುಡುಗೋಲು ಹಿಡಿದು ತೋಪಿನ ಬದುವಿನಲ್ಲಿ ಕೂತಳು. ಬಿಸಿಲೇರುವ ಹೊತ್ತಿಗೆ ಕಂಪನಿಯ ಜೀಪು ಬಂದು ನಿಂತಿತು. 'ಸಿಕ್ಕಿಬಿದ್ದ' ಎಂದುಕೊಂಡಳು. ಆದರೆ ಹಿಂದೆಯೇ, ಕಾಲುದಾರಿಯಲ್ಲಿ ಶ್ಯಾಮಣ್ಣನೂ ಒಂದು ಗುಂಪು ಕೆಲಸಗಾರರೂ ಬಂದರು. ಯಾರೂ ಕರೆಯದ ಸಭೆಗೆ ಇವರೇಕೆ ಬಂದರು ಎಂದು ಅವಳಿಗೆ ತಿಳಿಯಲಿಲ್ಲ. ಜೀಪಿನವರು ಇವರ ಮುಖಗಳನ್ನು ಒಂದೊಂದಾಗಿ ನೋಡಿಕೊಂಡು ಹೊರಟುಹೋದರು.

ಗುಂಪು ಅಲ್ಲಿಂದ ನೆಟ್ಟಗೆ ಸಾಲುಮನೆಗೆ ಬಂತು. ಚಿಕ್ಕಮುನಿಯಮ್ಮ ಹುಲ್ಲಿನ ಹೊರೆ ಹೊತ್ತು ಅಂಗಳಕ್ಕೆ ಬರುವಷ್ಟರಲ್ಲಿ ಶ್ಯಾಮಣ್ಣ, ಆಗತಾನೇ ಸೈಕಲ್ ಇಳಿದಿದ್ದ ಮೇಷ್ಟ್ರನ್ನು ಅವರ ಬಾಗಿಲಲ್ಲೇ ತಡೆದು ನಿಂತಿದ್ದ.

"ಸಾಮಾನು ಕಟ್ರಿ ಮೇಷ್ಟ್ರೆ. ತೋಪಲ್ಲಿ ಮೀಟಿಂಗು ಅಂತ ಮಕ್ಳ ಬಾಯಲ್ಲಿ ಹೇಳ್ಸಿದ್ದು ನೀವು. ಮೇಲಿನ ಲೀಡ್ರು ಕರ್ದಿರ್ಬೇಕು ಅಂತ ನಾವೂ ನಂಬ್ಕೊಂಡು ಹೋದ್ವಿ. ಅಲ್ಲಿ ನೋಡಿದ್ರೆ ನಿಮ್ಮ ಸಾಹೇಬ್ರು."

"ನನಗೆ ಯಾವ ಸಾಹೇಬರೂ ಇಲ್ಲ. ಹುಡುಗಿ ಹೇಳಿದಳು, ನಾನು ವಾಕ್ಯ ಮಾಡಿಕೊಟ್ಟೆ."

"ಯಾವ ಹುಡ್ಗಿ?"

ಮೇಷ್ಟ್ರು ಹೆಸರು ಹೇಳಲಿಲ್ಲ. ಮುನಿರತ್ನ ಕಂಬದ ಹಿಂದೆ ಸರಿದು ತಾಯಿಯ ಮುಖ ನೋಡಿದಳು. ಪರೀಕ್ಷೆಗೆ ತಿಂಗಳೂ ಇರಲಿಲ್ಲ. ಚಿಕ್ಕಮುನಿಯಮ್ಮ ಹೊರೆ ಕೆಳಗೆ ಹಾಕಿದಳು.

"ಆ ಮಾತು ಕಟ್ಟಿದ್ದು ನಾನು ಕಣಪ್ಪ. ಮೇಷ್ಟ್ರು ಎಂತೋರು ಅಂತ ನೋಡಾನ ಅಂತ."

"ನೋಡಿದ್ರಾ?"

"ಎಲ್ಲಿ ನೋಡ್ಲಿ? ನಿಮ್ಮ ಮಕ್ಕಳೆಲ್ಲ ಸೇರ್ಕೊಂಡು ಇಡೀ ಬೀದಿಗೇ ಒದರವೆ. ನಿಮ್ಗೆ ಗೊತ್ತಾದಂಗೇ ಜೀಪ್ನೋರ್ಗೂ ಗೊತ್ತಾಗೈತೆ. ಕಂಪನಿ ಸೂಪ್ರವೈಜ್ರು ಮಗಳೂ ಇಲ್ಲೇ ಬಂದು ಓದ್ತದೆ, ಮರ್ತೋಯ್ತಾ?"

ಗುಂಪಿನವರು ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡಿಕೊಂಡು ಚದುರಿದರು. "ನಮ್ಮ ಮುಖ ಎಲ್ಲಾ ತೋರಿಸ್ಬಿಟ್ರಲ್ಲ ಅಕ್ಕ" ಎಂದಷ್ಟೇ ಹೇಳಿ ಶ್ಯಾಮಣ್ಣ ಒಳಗೆ ಹೋದ.

ಮೇಷ್ಟ್ರು ಆಗಲೇ ಚಾಪೆ ಸುತ್ತುತ್ತಿದ್ದರು. "ಮಗುವಿನ ಬಾಯಲ್ಲಿ ಸುಳ್ಳು ಹೇಳಿಸಿದ ಮನೆಯಲ್ಲಿ ನಾನಿರಲ್ಲಮ್ಮ."

"ಪರೀಕ್ಸೆ ಮುಗಿಯೋಗಂಟ ಇರಿ ಸಾಮಿ."

"ಈಗ ನನ್ನ ಮೇಲೆ ನಂಬಿಕೆ ಬಂತಾ?"

"ಇಲ್ಲ" ಅಂದಳು. "ರಜಾ ದಿನ ಎಲ್ಲಿಗೋಯ್ತೀರಿ ನೀವು?"

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. "ಯಶವಂತಪುರದಲ್ಲಿ ಅಂಗಡಿ ಲೆಕ್ಕ ಬರೀತೀನಿ."

'ಯಾವ ಅಂಗಡಿಯೋ, ವಿಚಾರಿಸಬೇಕು' ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು.

"ಇರ್ತೀನಿ" ಎಂದರು ಮೇಷ್ಟ್ರು. "ಆದರೆ ದಿನಾ ಪಾಠದ ಹೊತ್ತಿಗೆ ನೀವೂ ಜಗಲಿ ಮೇಲೆ ಕೂರಬೇಕು. ನಾನು ಕೇಳೋದೆಲ್ಲ ನಿಮ್ಮ ಕಿವಿಗೂ ಬೀಳಲಿ."

ಮಾರನೆಯ ಸಂಜೆ ಚಿಕ್ಕಮುನಿಯಮ್ಮ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಜಗಲಿಯ ಅಂಚಿಗೆ ಕೂತಳು. ಸೂಪರ್‌ವೈಸರ್ ಮಗಳು ಬರಲಿಲ್ಲ. ಉಳಿದ ಮಕ್ಕಳು ಬಾಯಿ ಬಿಡಲು ಹೆದರಿದವು. ಮನೆಯಲ್ಲಿ ಏನು ನಡೆಯಿತು ಎಂದು ಮೇಷ್ಟ್ರು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರೂ ಎಲ್ಲರೂ ನೆಲ ನೋಡಿದರು. ಕೊನೆಗೆ ಮುನಿರತ್ನ ಎದ್ದು ನಿಂತಳು.

"ನಮ್ಮವ್ವ ಸುಳ್ಳು ಹೇಳಿದ್ಲು ಸಾರ್."

ಅವರೆಕಾಯಿ ಸುಲಿಯುತ್ತಿದ್ದ ಕೈ ನಿಂತಿತು. ನಲ್ಲಿಯ ಹತ್ತಿರ ರಾಮಕ್ಕ ಬಿಂದಿಗೆ ತುಂಬಿದ್ದರೂ ಕದಲಲಿಲ್ಲ. ಬೇಡವೆಂದರೆ ಬಿಡುತ್ತೇನೆ ಎಂಬಂತೆ ಮೇಷ್ಟ್ರು ಚಿಕ್ಕಮುನಿಯಮ್ಮನ ಕಡೆ ನೋಡಿದರು. ಅವಳು ಬೇಡ ಅನ್ನಲಿಲ್ಲ.

"ಯಾರು? ಮೈ ಮದರ್. ಏನು ಮಾಡಿದರು? ಟೋಲ್ಡ್ ಎ ಲೈ" ಎಂದು ಮೇಷ್ಟ್ರು ಮೆಲ್ಲಗೆ ಕೂರಿಸಿಕೊಟ್ಟರು. ಮುನಿರತ್ನ ತಲೆ ತಗ್ಗಿಸಿ ಗೊಣಗಿದಳು.

"ಗಟ್ಟಿಯಾಗಿ ಏಳೇ" ಎಂದಳು ತಾಯಿ. "ಪರೀಕ್ಸೇಲಿ ಮರ್ತೋದೀಯ."