ಮಾದರಿ ಕೇಕಿನ ಮೇಲಿನ ಹೆಸರು

“ಈ ಊರಿನ ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ನನ್ನ ಸೃಷ್ಟಿ ಕಣ್ರೀ!” ಎಂದು ಬೇಕರಿ ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಹೇಳುತ್ತಿದ್ದರು. ಹೊಸ ಗಿರಾಕಿ ಬೆಚ್ಚಿಬಿದ್ದು ಯಜಮಾನರ ಹೆಂಡತಿಯ ಮುಖ ನೋಡಿದ ಮೇಲೆ, ಸಾವಕಾಶವಾಗಿ, “ಅಂದ್ರೆ, ಅವರ ಹೆಸರು,” ಎಂದು ಸೇರಿಸುತ್ತಿದ್ದರು.

ಮಾತು ಪೂರ್ತಿ ಬೊಗಳೆಯಲ್ಲ. ಬೇಕರಿಯ ಗಾಜಿನ ಕಪಾಟಿನಲ್ಲಿ ಒಂದು ಮಾದರಿ ಕೇಕ್ ಇತ್ತು. ಒಳಗೆ ಬರೀ ಮರದ ದಿಮ್ಮಿ, ಮೇಲೆ ಸಕ್ಕರೆಯ ಲೇಪ. ಅದನ್ನು ಕಚ್ಚಿ ಹಲ್ಲು ಉದುರಿಸಿಕೊಂಡ ಆ ಬೀದಿಯ ಇರುವೆಗಳು ಬರೀ ಹಾಲು ಕುಡಿದು ಜೀವ ಹಿಡಿದುಕೊಂಡಿದ್ದವಂತೆ. ಲೇಪ ಹಳದಿಗಟ್ಟಿದಾಗಲೆಲ್ಲ ಯಜಮಾನರು ಕೆರೆದು, ಹೊಸದು ಬಳಿದು, ಕ್ರೀಮಿನ ಕೋನಿನಿಂದ ಅದೇ ಎರಡಕ್ಷರದ ಹೆಸರನ್ನು ಗುಲಾಬಿ ಬಣ್ಣದಲ್ಲಿ ಬರೆಯುತ್ತಿದ್ದರು. ಮಗುವಿಗೆ ಹೆಸರೇ ಹೊಳೆಯದೆ ಕೇಕಿಗೆ ಹೇಳಲು ಬಂದ ಅಪ್ಪಂದಿರು ತಲೆ ಕೆರೆದುಕೊಂಡು, “ಅಲ್ಲಿರೋದನ್ನೇ ಬರೀರಿ,” ಎನ್ನುತ್ತಿದ್ದರು. ಹೀಗೆ ಹಬ್ಬಿತು ಹೆಸರು. ಆ ಹೆಸರಿನ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರೆ ಸಾಲಿನ ತುದಿ ಸಮುದ್ರಕ್ಕೆ ಬೀಳುತ್ತಿತ್ತು.

ಅರ್ಥ ಕೇಳಿದವರನ್ನೂ ಅವರು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಪೊಲೀಸಪ್ಪನಿಗೆ ‘ಗೆಲುವು’, ಔಷಧಿ ಅಂಗಡಿಯವರಿಗೆ ‘ತಂಪು’, ಲಾರಿ ಡ್ರೈವರನಿಗೆ ‘ತಿರುವಿಲ್ಲದ ದಾರಿ’. ಮೂಲ ಮಾತ್ರ ಎಲ್ಲರಿಗೂ ಒಂದೇ, ಯಾವುದೋ ಸತ್ತ ರಾಜಭಾಷೆ. ಅದನ್ನು ಆಡುವವರು ಯಾರೂ ಉಳಿದಿಲ್ಲವಾದ್ದರಿಂದ ತಕರಾರು ತೆಗೆಯುವವರೂ ಇರಲಿಲ್ಲ.

ಒಂದು ಮಧ್ಯಾಹ್ನ ಯಜಮಾನರ ಮಗಳು ತನ್ನ ಎಳೆಗೂಸನ್ನು ಎತ್ತಿಕೊಂಡು, ಗಂಡನನ್ನೂ ಕರೆದುಕೊಂಡು ಅಂಗಡಿಗೆ ಬಂದಳು. “ಅಪ್ಪ, ನೀನು ಹುಟ್ಟಿಸಿದ ಹೆಸರನ್ನೇ ಇವಳಿಗೂ ಇಡ್ತೀವಿ.”

“ಇಡೋಣ ಮಾವ, ಆದ್ರೆ ಅರ್ಥ ಯಾವುದು?” ಎಂದ ಅಳಿಯ. “ಒಬ್ರು ತಂಪು ಅಂತಾರೆ, ಒಬ್ರು ಗೆಲುವು ಅಂತಾರೆ.”

“ಎರಡೂ ಹೌದು. ಗೆದ್ದ ಮೇಲೆ ಹೊಟ್ಟೆ ತಂಪಾಗುತ್ತಲ್ಲಪ್ಪ.”

“ಮತ್ತೆ ಆ ಲಾರಿ ಡ್ರೈವರ್ ಹೇಳೋ ದಾರಿ?”

“ನೇರ ದಾರೀಲಿ ಗಾಳಿ ಜಾಸ್ತಿ. ಆಗಲೂ ತಂಪೇ.”

“ತಮಾಷೆ ಸಾಕಪ್ಪ,” ಎಂದಳು ಮಗಳು. “ನಾಳೆ ಇವಳು ದೊಡ್ಡವಳಾಗಿ ನನ್ನನ್ನ ಕೇಳ್ತಾಳೆ. ನಾನು ಸುಳ್ಳು ಹೇಳೋಳಲ್ಲ. ನಿಜ ಹೇಳು.”

ಹಿಂದಿನ ಕೋಣೆಯಲ್ಲಿ ಬ್ರಷ್ಷಿನ ಸದ್ದು ನಿಂತಿತು. ಯಜಮಾನರು ಅತ್ತ ತಿರುಗಿ ನೋಡಿದರು.

ಅಲ್ಲಿ ಟ್ರೇ ಉಜ್ಜುತ್ತಿದ್ದವಳು ಟ್ರೇಯಮ್ಮ. ಈ ಮಗಳು ಹುಟ್ಟುವ ಮುಂಚಿನಿಂದಲೂ ಅದೇ ತೊಟ್ಟಿಯ ಮುಂದೆ ಕರಿ ಹಿಡಿದ ಟ್ರೇಗಳನ್ನು ಬೆಳ್ಳಿ ಮಾಡುತ್ತಿದ್ದವಳು. ಅವಳು ಕೆಲಸಕ್ಕೆ ಸೇರಿದ ದಿನವೇ ಯಜಮಾನರು ಮರದ ದಿಮ್ಮಿಗೆ ಮೊದಲ ಸಲ ಲೇಪ ಬಳಿದಿದ್ದರು. “ಯಾರ ಹೆಸರು ಬರೀಲಿ? ನಿನ್ನದೇನಮ್ಮ?” ಅವಳು ಹೇಳಿದಳು, ಇವರು ಬರೆದರು. ಅವಳು ಒದ್ದೆ ಕೈ ಒರೆಸಿಕೊಂಡು, ಮುಟ್ಟದೆ, ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಅವಳು ಒಳಗೆ ಹೋದಳೋ ಇಲ್ಲವೋ, ಕಾರಿನಿಂದ ಇಳಿದ ಹೆಂಗಸೊಬ್ಬರು, “ಎಷ್ಟು ಚೆಂದದ ಹೆಸರು! ಎಲ್ಲಿಂದ ತಂದ್ರಿ?” ಎಂದರು. ಟ್ರೇ ತೊಳೆಯುವವಳಿಂದ ಎನ್ನಲು ಯಜಮಾನರಿಗೆ ನಾಲಗೆ ಏಳಲಿಲ್ಲ. “ನನ್ನದೇ ಸೃಷ್ಟಿ ಮೇಡಂ,” ಎಂದುಬಿಟ್ಟರು. ಹಾಗೆಂದ ಮೇಲೆ ಅಂಗಡಿಯೊಳಗೆ ಅವಳನ್ನು ಆ ಹೆಸರಿನಿಂದ ಕೂಗುವಂತಿರಲಿಲ್ಲ, ಗುಟ್ಟು ರಟ್ಟಾಗುತ್ತಿತ್ತು. ಮರುದಿನದಿಂದ ಅವಳು ಟ್ರೇಯಮ್ಮ.

ಈಗ ಅವಳೇ ತೊಳೆದ ಟ್ರೇಗಳನ್ನು ಹೊತ್ತು ಹೊರಗೆ ಬಂದಳು.

“ಟ್ರೇಯಮ್ಮಾ, ನೀವಾದ್ರೂ ಹೇಳಿ. ಈ ಹೆಸರು ನನ್ನ ಮಗೂಗೆ ಒಪ್ಪುತ್ತಾ?” ಎಂದು ಮಗಳು ಕೇಳಿದಳು.

“ಯಾಕೊಪ್ಪಲ್ಲಮ್ಮ? ಯಜಮಾನ್ರು ಅಷ್ಟು ಯೋಚನೆ ಮಾಡಿ ಹುಡುಕಿದ ಹೆಸರು.”

ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಯಜಮಾನರು ಅದಕ್ಕಿಂತ ದೊಡ್ಡ ಕೊಂಕು ತೆಗೆದು ಪಾರಾಗುತ್ತಿದ್ದರು. ಅವರ ಮಾನವನ್ನು ಅವಳು ಜೋಪಾನವಾಗಿ ಮುಚ್ಚಿಟ್ಟಳು, ತಡೆಯಲಾಗದ್ದು ಅದೇ. ಅವರ ಕಿವಿಗಳು ಎಷ್ಟು ಬಿಸಿಯಾದವೆಂದರೆ ಒಂದೊಂದರ ಮೇಲೂ ಡಜನ್ ಬನ್ನು ಬೇಯಿಸಬಹುದಿತ್ತು. ನೆಲ ಬಾಯಿ ಬಿಡಲೆಂದು ಕಾಯ್ದರು. ಗಟ್ಟಿ ಸಿಮೆಂಟು, ಅವರೇ ನಿಂತು ಹಾಕಿಸಿದ್ದು.

“ಹೆಸರು ನನ್ನದಲ್ಲಮ್ಮ,” ಎಂದರು ಕೊನೆಗೆ, ಮೊಮ್ಮಗಳ ಕಾಲನ್ನು ನೋಡುತ್ತ. “ಇವರದು. ಇವರನ್ನೇ ಕೇಳಿ ಬರೆದದ್ದು. ಹೇಳ್ಕೊಳ್ಳೋಕೆ ನಾಚಿಕೆ ಆಗಿತ್ತು.”

“ಈಗ?” ಎಂದಳು ಮಗಳು.

“ಈಗಿನದು ಬೇರೆ ನಾಚಿಕೆ.”

ಅಳಿಯ ಟ್ರೇ ಹೊತ್ತು ನಿಂತವಳತ್ತ ತಿರುಗಿದ. “ಹಾಗಾದ್ರೆ ಅರ್ಥ ನಿಮಗೇ ಗೊತ್ತಿರುತ್ತೆ.”

“ನಮ್ಮಜ್ಜಿ ಹೆಸರಪ್ಪ ಅದು. ಅರ್ಥ ಅಂದ್ರೆ ನಮ್ಮಜ್ಜೀನೇ.”

ಯಜಮಾನರು ಎದ್ದು ನಿಂತರು. “ತಪ್ಪಾಯ್ತು, ಕ್ಷಮಿಸು ಟ್ರೇಯಮ್ಮ,” ಎಂದು, ಅಂದ ಮೇಲೆ ನಾಲಗೆ ಕಚ್ಚಿಕೊಂಡರು.

ಅವಳು ಟ್ರೇಗಳನ್ನು ಕಟ್ಟೆಯ ಮೇಲಿಟ್ಟು, ಸೊಂಟಕ್ಕೆ ಕೈಕೊಟ್ಟು ನಿಂತಳು.

“ಕ್ಷಮೆ ಆಮೇಲೆ ಕೇಳುವಿರಂತೆ ಯಜಮಾನ್ರೇ. ಮೊದ್ಲು ಹೆಸರು ಹಿಡಿದು ಕರೀರಿ. ಓಗೊಡ್ತೀನೋ ಇಲ್ವೋ ನೋಡೋಣ.”